ಹಿಂಗಾಲು

ಕುದುರೆಯ ಬಾಯಿಗೆ ಮನುಷ್ಯರ ಹಲ್ಲು ಕೂರಿಸಬಾರದಿತ್ತು ಎಂದು ಅವನಿಗೆ ಹೊಳೆದದ್ದು ಶನಿವಾರ ಬೆಳಿಗ್ಗೆ, ಯಾರದೋ ಬಾಯಿಗೆ ಹೋಗಬೇಕಾದ ದವಡೆಹಲ್ಲೊಂದನ್ನು ಗುಲಾಬಿ ಬಣ್ಣದ ಮೇಣದಲ್ಲಿ ಒತ್ತಿ ನಿಲ್ಲಿಸುತ್ತಿದ್ದಾಗ. ಹೊಳೆದು ಪ್ರಯೋಜನವಿರಲಿಲ್ಲ. ಕುದುರೆಯ ತಲೆ ಮನೆಯ ಸೋಫಾದ ಮೇಲೆ ಇಪ್ಪತ್ತೆಂಟೂ ಹಲ್ಲು ಕಿಸಿದುಕೊಂಡು ಕುಳಿತಿತ್ತು, ಮಧ್ಯಾಹ್ನ ಮೂರಕ್ಕೆ ಅದು ಶಾಲೆಯ ವೇದಿಕೆ ಹತ್ತಬೇಕಿತ್ತು. ಹದಿನಾರು ವರ್ಷಗಳಿಂದ ಅವನು ಹಲ್ಲಿನ ಸೆಟ್ ಮಾಡುವ ಕೆಲಸದಲ್ಲಿದ್ದ. ದಂತವೈದ್ಯರು ತಮ್ಮಲ್ಲಿಗೆ ಬಂದವರ ಬಾಯಿಯ ಅಚ್ಚು ತೆಗೆದು ಈ ವರ್ಕ್‌ಶಾಪಿಗೆ ಕಳಿಸುತ್ತಿದ್ದರು. ಅವನು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಜಿನ ಮೇಲೆ ಒಂದು ಬೊಚ್ಚುಬಾಯಿಯನ್ನು ಎಬ್ಬಿಸಿ, ಮೇಣದ ಒಸಡು ಕಟ್ಟಿ, ಹಲ್ಲು ನೆಡುತ್ತಿದ್ದ. ಆ ಬಾಯಿಯ ಒಡೆಯರನ್ನು ಅವನು ಕಂಡವನಲ್ಲ. ಆದರೂ ಒಸಡು ಸವೆದ ರೀತಿ ನೋಡಿ ಈತ ಎಡಗಡೆ ಅಗಿಯುವವನು, ಈಕೆ ಸಿಟ್ಟು ಬಂದರೆ ದವಡೆ ಕಚ್ಚಿ ಸುಮ್ಮನಾಗುವವಳು ಎಂದು ಹೇಳುತ್ತಿದ್ದ; ಹೇಳುವುದಷ್ಟೇ ಅಲ್ಲ, ಎದ್ದು ನಿಂತು ಮಾಡಿ ತೋರಿಸುತ್ತಿದ್ದ. ಜೊತೆಗಿದ್ದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಯಾರನ್ನೇ ಆಗಲಿ ಎರಡು ನಿಮಿಷ ನೋಡಿದರೆ ಸಾಕು, ಅವರ ನಡಿಗೆ, ಕೆಮ್ಮು, ಮೂಗು ತುರಿಸಿಕೊಳ್ಳುವ ಚಂದ ಎಲ್ಲ ಅವನ ಮೈಗೆ ಬಂದುಬಿಡುತ್ತಿತ್ತು. ಹೆಂಡತಿಯನ್ನು ಮದುವೆಗೆ ಮುಂಚೆ ಒಲಿಸಿಕೊಂಡದ್ದೂ ಹಾಗೆಯೇ, ಅವಳ ಸೋದರಮಾವನನ್ನು ಅವಳೆದುರಿಗೇ ಮಾಡಿ ತೋರಿಸಿ. ಹನ್ನೊಂದು ದಿನಗಳ ಹಿಂದೆ ಅವಳನ್ನು ಕಳೆದುಕೊಂಡದ್ದೂ ಹಾಗೆಯೇ. ಕಳೆದುಕೊಂಡದ್ದು ಎಂದರೆ ಅವಳು ಎಲ್ಲಿಗೂ ಹೋಗಿರಲಿಲ್ಲ. ಅಡುಗೆಮನೆಯಲ್ಲೇ ಇದ್ದಳು. ಮಾತು ಮಾತ್ರ ಇರಲಿಲ್ಲ.

ಅರ್ಧ ದಿನ ರಜೆ ಕೇಳಲು ಹೋದಾಗ ಯಜಮಾನರು ಕನ್ನಡಕದ ಮೇಲಿಂದ ನೋಡಿದರು.

"ಯಾಕಪ್ಪಾ ರಜೆ?"

"ಮಗಳ ಶಾಲೇಲಿ ವೇಷದ ಸ್ಪರ್ಧೆ ಸರ್."

"ಮಗಳು ಏನಾಗ್ತಾಳೆ?"

"ಸರ್ಕಸ್ ಕಂಪನಿ ಯಜಮಾನ."

"ಒಳ್ಳೇದಾಯ್ತು. ಅದರಲ್ಲಿ ನಿಂದೇನು ಕೆಲಸ?"

"ನಾನು ಕುದುರೆ ಸರ್," ಎಂದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಹಿಂದಿನ ಅರ್ಧ," ಎಂದೂ ಸೇರಿಸಿದ.

"ಅದಕ್ಕೆ ವೇಷ ಯಾಕಯ್ಯಾ ಬೇಕು?" ಎಂದು ಯಜಮಾನರು ನಕ್ಕ ನಗುವಿಗೆ ಅವರದೇ ಮೇಲಿನ ಸೆಟ್ಟು ಸ್ವಲ್ಪ ಜಾರಿತು. ಬೇರೆ ದಿನವಾಗಿದ್ದರೆ ಆ ಜಾರಿದ ಸೆಟ್ಟನ್ನು ನಾಲಿಗೆಯಿಂದ ಮೇಲಕ್ಕೆ ಒತ್ತಿಕೊಂಡ ಭಂಗಿಯನ್ನು ಅವನು ಹೊರಗೆ ಬಂದ ಕೂಡಲೇ ಎಲ್ಲರಿಗೂ ಉಣಬಡಿಸುತ್ತಿದ್ದ. ಇವತ್ತು ಕೈ ತೊಳೆದುಕೊಂಡು ಸುಮ್ಮನೆ ಮೆಟ್ಟಿಲಿಳಿದ. ತನ್ನ ಮೇಲೆ ತನಗೇ ಗೌರವ ಬಂದಂತಾಯಿತು. ಮುಂದಿನ ತಿರುವಿನಲ್ಲಿ, ಹೀಗೆ ಪಶ್ಚಾತ್ತಾಪಪಟ್ಟು ಸುಮ್ಮನಾದ ಗಂಡಸಿನ ನಡಿಗೆಯನ್ನು ತಾನು ನಡೆಯುತ್ತಿದ್ದೇನೆ ಎಂದು ಗೊತ್ತಾಗಿ, ಗೌರವ ಇಳಿದುಹೋಯಿತು.

ಹೆಂಡತಿ ರಕ್ತ ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದಳು. ಎಂಥ ಬಡಕಲು ತೋಳಾದರೂ ಸರಿ, ಹೆಬ್ಬೆರಳಿನಿಂದ ಒಂದು ಸಾರಿ ಸವರಿ ನರ ಹಿಡಿಯುತ್ತಿದ್ದಳು. ಬೆಳಿಗ್ಗೆ ಬರುವ ಮುದುಕರು ಸಾಲಿನಲ್ಲಿ ಹಿಂದೆ ಸರಿದು ನಿಂತಾದರೂ ಅವಳ ಕುರ್ಚಿಗೇ ಬರುತ್ತಿದ್ದರು. ಅಲ್ಲಿ ಮೇಲ್ವಿಚಾರಕಿಯ ಹುದ್ದೆಯೊಂದು ಖಾಲಿಯಾಯಿತು. ಸಂದರ್ಶನದ ಹಿಂದಿನ ದಿನ ಅವಳು ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು, ಕನ್ನಡಿಯ ಮುಂದೆ ಉತ್ತರಗಳನ್ನು ಹೇಳಿ ನೋಡುತ್ತಿದ್ದಳು. ಬಾಗಿಲು ಒಂದು ಗೇಣು ತೆರೆದಿತ್ತು. "ಒತ್ತಡದ ಸಂದರ್ಭವನ್ನು ನಾನು ಒಂದು ಅವಕಾಶ ಅಂತ ನೋಡ್ತೀನಿ ಸರ್." ಮೊದಲ ಸಲ ನಗದೆ. ಎರಡನೆಯ ಸಲ ನಕ್ಕು. ಮೂರನೆಯ ಸಲ 'ಅವಕಾಶ' ಎಂಬಲ್ಲಿ ಒಂದು ಎಳೆ ಕೂದಲನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಿ. ಅವನು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊರಗೆ ನಿಂತಿದ್ದ. ಹುದ್ದೆ ಅವಳಿಗೆ ಸಿಗಲಿಲ್ಲ, ಅವಳ ಕೈಕೆಳಗೆ ಕೆಲಸ ಕಲಿತವಳಿಗೆ ಸಿಕ್ಕಿತು. ಸಿಕ್ಕವಳು ಎಲ್ಲರನ್ನೂ ಮನೆಗೆ ಊಟಕ್ಕೆ ಕರೆದಳು. ಊಟವಾದ ಮೇಲೆ ಯಾರೋ, "ಏನಾದ್ರೂ ಮಾಡಿ ತೋರಿಸಿ ಸರ್," ಎಂದರು. ಅವನು ಮಾಡಿ ತೋರಿಸಿದ. ನಲ್ಲಿಯ ಸದ್ದು ಸಮೇತ. ಕೂದಲಿನ ಎಳೆ ಸಮೇತ. ಹೊಸ ಮೇಲ್ವಿಚಾರಕಿ ಕಣ್ಣೊರೆಸಿಕೊಳ್ಳುತ್ತ, "ಅಯ್ಯೋ ಸಾಕು, ಪಕ್ಕೆ ಹಿಡ್ಕೊಳ್ತಿದೆ," ಎಂದಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವನ ಹೆಂಡತಿ. ಆ ನಗು ಎಷ್ಟು ಜೋರಾಗಿತ್ತೆಂದರೆ ಅವನು ಇನ್ನೊಂದು ಸಲ ಮಾಡಿದ. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ತಿರುಗಿದ್ದಳು. ಅಂದಿನಿಂದ ತಿರುಗಿಯೇ ಇದ್ದಳು.

ಕ್ಷಮೆ ಕೇಳುವುದು ಅವನಿಗೆ ಬರುತ್ತಿರಲಿಲ್ಲ ಎಂದಲ್ಲ. ಬಹಳ ಚೆನ್ನಾಗಿ ಬರುತ್ತಿತ್ತು, ಅದೇ ತೊಂದರೆ. ವರ್ಕ್‌ಶಾಪಿನ ಕಪಾಟಿನಲ್ಲಿ ಸಾಲಾಗಿ ಕೂತ ಪ್ಲಾಸ್ಟರಿನ ಬೊಚ್ಚುಬಾಯಿಗಳ ಮುಂದೆ ನಿಂತು, "ನಂದೇ ತಪ್ಪು," ಎಂದು ಶುರುಮಾಡಿದರೆ ಗಂಟಲಿನಿಂದ ಯಾರೋ ನಾಟಕದ ಗಂಡ ಹೊರಗೆ ಬರುತ್ತಿದ್ದ. ಸ್ವರ ತಗ್ಗಿಸಿದರೆ ಬ್ಯಾಂಕಿನ ಗುಮಾಸ್ತ. ಕಣ್ಣು ಕೆಳಗೆ ಹಾಕಿದರೆ ಹಾಲು ಚೆಲ್ಲಿದ ಬೆಕ್ಕು. ಇಷ್ಟು ಜನ ಮೈಯೊಳಗೆ ಬಾಡಿಗೆಗಿದ್ದು, ಮನೆಯೊಡೆಯನೇ ನಾಪತ್ತೆಯಾದ ಹಾಗಿತ್ತು.

ಮನೆಯಲ್ಲಿ ಮಾತೆಲ್ಲ ಮಗಳ ಮೂಲಕ ಓಡಾಡುತ್ತಿತ್ತು. ತಿಂಗಳು ತುಂಬುವ ಮೊದಲೇ ಅಂಗೈಯಗಲ ಹುಟ್ಟಿದವಳಿಗೆ ಆಸ್ಪತ್ರೆಯಲ್ಲೇ 'ಜೀರಿಗೆ' ಎಂಬ ಹೆಸರು ಬಿದ್ದು, ಎಂಟು ವರ್ಷವಾದರೂ ಉಳಿದುಕೊಂಡಿತ್ತು. "ನಿಮ್ಮಪ್ಪಂಗೆ ಹೇಳು, ಗ್ಯಾಸ್ ಮುಗಿದಿದೆ." "ಅಪ್ಪಾ, ಗ್ಯಾಸ್ ಮುಗಿದಿದೆ." "ಅಮ್ಮಂಗೆ ಹೇಳು, ಸಂಜೆ ತರ್ತೀನಿ." "ಅಮ್ಮಾ, ಅಪ್ಪ ಈಗಲೇ ತರ್ತಾರಂತೆ." ಜೀರಿಗೆ ಅಂಚೆಯವಳಲ್ಲ, ತಿದ್ದುಪಡಿ ಮಾಡುವ ಅಧಿಕಾರಿ ಎಂಬುದು ಅವನಿಗೆ ತಿಳಿಯುವುದರೊಳಗೆ ಎರಡು ದಿನ ಕಳೆದಿತ್ತು. ಪಕ್ಕದ ಮನೆಯ ಅವಳಿ ಹುಡುಗಿಯರು ಕುದುರೆಯ ಮುಂದು ಹಿಂದು ಆಗುವುದು, ತಾನು ಚಾಟಿ ಹಿಡಿದು ಅದರಿಂದ ಲೆಕ್ಕ ಮಾಡಿಸುವುದು ಎಂದು ತಿಂಗಳ ಹಿಂದೆಯೇ ಅವಳು ನಿರ್ಧರಿಸಿಯಾಗಿತ್ತು. ಭಾನುವಾರ ಇಡೀ ಮಧ್ಯಾಹ್ನ ಅವನು ಹಳೆಯ ಪೇಪರ್ ನೆನೆಸಿ, ಗೋಂದು ಕಲಸಿ, ಬಕೆಟ್ಟಿನ ಮೇಲೆ ಬಡಿದು ಬಡಿದು ತಲೆ ಮಾಡಿದ. ಹೆಂಡತಿ ಅತ್ತಿತ್ತ ಓಡಾಡುವಾಗ ಒಮ್ಮೆ ನಿಂತು ನೋಡಿಯಾಳು ಎಂಬ ಆಸೆಯಿಂದಲೇ ಹಲ್ಲು ಕೂರಿಸಿದ್ದು. ವರ್ಕ್‌ಶಾಪಿನಲ್ಲಿ ಬಣ್ಣ ಹೊಂದದೆ ಉಳಿದ, ತುಸು ಹಳದಿ ಹಲ್ಲುಗಳು, ಒಂದೊಂದೂ ಅಚ್ಚುಕಟ್ಟು. ಅವಳು ನಿಲ್ಲಲಿಲ್ಲ. ನಿಂತವಳು ಜೀರಿಗೆ. ತಲೆ ಓರೆ ಮಾಡಿ, "ಅಪ್ಪಾ, ಇದು ಯಾಕೆ ಫೋಟೋ ತೆಗೆಸ್ಕೊಳ್ಳೋ ಅಂಕಲ್ ಥರ ನಗ್ತಿದೆ?" ಎಂದಳು.

ಬುಧವಾರ ಅವಳಿಗಳಿಬ್ಬರ ಗದ್ದವೂ ಊದಿಕೊಂಡಿತು. ಕುದುರೆಯಾಗಬೇಕಾದವರಿಗೆ ಮಂಗನಬಾವು. ಜೀರಿಗೆ ಅಳಲಿಲ್ಲ. ಊಟದ ತಟ್ಟೆಯ ಮುಂದೆ ಕೂತು, ಇಬ್ಬರನ್ನೂ ಒಂದೊಂದು ಸಲ ಅಳೆದು ನೋಡಿ, "ಮುಂದೆ ಅಮ್ಮ, ಹಿಂದೆ ಅಪ್ಪ," ಎಂದಳು.

"ನಿಮ್ಮಪ್ಪಂಗೆ ಹೇಳು, ನಾನು ಬರಲ್ಲ."

ಜೀರಿಗೆ ಅವನ ಕಡೆ ತಿರುಗಿ, "ಅಮ್ಮ ಒಪ್ಕೊಂಡ್ಳು," ಎಂದಳು.

ಅವಳ ತಾಯಿ ಬಾಯಿ ತೆರೆದಳು. ಮಗಳಿಗೆ ಹೇಳಿದ ಮಾತನ್ನು ಸರಿಪಡಿಸಬೇಕಾದರೆ ಗಂಡನಿಗೇ ನೇರವಾಗಿ ಹೇಳಬೇಕಾಗುತ್ತಿತ್ತು. ಬಾಯಿ ಮುಚ್ಚಿಕೊಂಡಳು. ಗುರುವಾರ ಸಂಜೆ ಅವಿವಾಹಿತ ಹುಡುಗಿಯರಿಗೆಂದು ಹೊಲಿದಿದ್ದ ಕುದುರೆಯ ಮೈಯನ್ನು ಸಂಸಾರಸ್ಥರಿಗೆ ಹಿಗ್ಗಿಸುವ ಕೆಲಸ ಶುರುವಾಯಿತು. ಕಂದು ಪರದೆ ಸಾಲದೆ ಬಿಳಿ ಬೆಡ್‌ಶೀಟಿನ ತುಂಡುಗಳನ್ನು ಅಲ್ಲಲ್ಲಿ ಕೊಟ್ಟು ಹೊಲಿದಳು. ಅಳತೆ ಪಟ್ಟಿ ಹಿಡಿದು, ಎಲ್ಲೂ ಬೆರಳು ತಾಗದಂತೆ ಅವನ ಸೊಂಟದ ಸುತ್ತ ಬಂದು, "ನಲವತ್ತೆರಡು ಅಂತ ಬರ್ಕೋ," ಎಂದು ಮಗಳಿಗೆ ಹೇಳಿದಳು. ನಲವತ್ತೆರಡು ಎಂಬುದನ್ನು ಅವಳು ಹೇಳಿದ ರೀತಿಯಲ್ಲಿ ತಿರಸ್ಕಾರವಿತ್ತೋ, ಕನಿಕರವಿತ್ತೋ, ಬರೇ ನಲವತ್ತೆರಡಿತ್ತೋ ಎಂದು ಅವನು ಶುಕ್ರವಾರವಿಡೀ ಯೋಚಿಸಿದ. ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಕೂಡಿಸಿ ಹೊಲಿದುಬಿಡಿ ಎಂದು ಹೆಂಡತಿ ಮಗಳ ಕೈಲಿ ಹೇಳಿಕಳಿಸಿದ್ದಳು. ಅವನು ಟಿಚ್ ಬಟನ್ ಹಾಕಿದ. ಹೊಲಿದರೆ ಹೊರಗೆ ಬರುವುದು ಹೇಗೆ ಎಂಬುದು ಅವನ ವಾದ. ವಾದ ಕೇಳುವವರು ಇರಲಿಲ್ಲ.

ಶಾಲೆಯ ವೇದಿಕೆಯ ಪಕ್ಕದ ಓಣಿಯಂಥ ಜಾಗದಲ್ಲಿ ಮಕ್ಕಳು ಸಾಲಾಗಿ ನಿಂತಿದ್ದರು. ಒಂದು ಟೊಮೇಟೊ, ಇಬ್ಬರು ಪೊಲೀಸರು, ಬಾಗಿಲು ತೆರೆದು ಮುಚ್ಚುವ ಒಂದು ಫ್ರಿಜ್ಜು, ಥರ್ಮೋಕೋಲಿನ ಒಂದು ದವಡೆಹಲ್ಲು. ಹಲ್ಲಿನ ಬೇರು ಎರಡರ ಬದಲು ಒಂದೇ ಇದ್ದದ್ದನ್ನು ಗಮನಿಸಿ, ಅದರ ತಂದೆಗೆ ಹೇಳಲೋ ಬೇಡವೋ ಎಂದುಕೊಳ್ಳುತ್ತಿರುವಾಗಲೇ ಜೀರಿಗೆ, "ಹಾಕ್ಕೊಳ್ಳಿ, ಹಾಕ್ಕೊಳ್ಳಿ," ಎಂದು ಅವಸರಪಡಿಸಿದಳು. ಹುಬ್ಬಿನ ಕಾಡಿಗೆಯಿಂದ ಮೀಸೆ ಬರೆದುಕೊಂಡು, ಅವನ ಹಳೆಯ ಕಪ್ಪು ಬೂಟಿನೊಳಗೆ ಕಾಗದ ತುರುಕಿ ಹಾಕಿಕೊಂಡಿದ್ದಳು. ಹೆಂಡತಿ ಕುದುರೆಯ ತಲೆಯನ್ನು ತನ್ನ ತಲೆಗೆ ಇಳಿಸಿಕೊಂಡಳು. ಅವನು ಬಗ್ಗಿ ಹಿಂದೆ ಹೊಕ್ಕ. ಜೀರಿಗೆ ಒಂದೊಂದೇ ಬಟನ್ ಒತ್ತಿದಳು, ಟಪ್ ಟಪ್ ಟಪ್ ಟಪ್, ಬೆಳಕು ಹೋಯಿತು. ಒಳಗೆ ಗೋಂದಿನ ವಾಸನೆ, ಪರದೆಯ ಹಳೆಯ ಧೂಳು, ಅವಳ ಬೆವರಿನ ಪರಿಚಿತ ವಾಸನೆ. ಹನ್ನೊಂದು ದಿನ ಒಂದೇ ಹಾಸಿಗೆಯಲ್ಲಿ ಮಲಗಿಯೂ ಇಷ್ಟು ಹತ್ತಿರ ಬಂದಿರಲಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲಿ ಹಿಡಿದುಕೊಂಡ.

"ಅಪ್ಪಾ, ಅಮ್ಮನ ಸೊಂಟ ಹಿಡ್ಕೋ! ಕುದುರೆ ಮಧ್ಯ ಜೋತು ಬೀಳ್ತಿದೆ!"

ಹಿಡಿದುಕೊಂಡ. ಅವಳು ಒಂದು ಸಲ ಉಸಿರು ಬಿಗಿಹಿಡಿದದ್ದು ಅಂಗೈಗೆ ಗೊತ್ತಾಯಿತು. ಹೊರಗೆ ಮೈಕು ಕೆಟ್ಟಿತ್ತು. ಯಾರೋ "ಹಲೋ, ಹಲೋ" ಎನ್ನುತ್ತಿದ್ದರು. ಇನ್ನು ಹತ್ತು ನಿಮಿಷ ತಡವಾಗಬಹುದು ಎಂದರು. ಹತ್ತು ನಿಮಿಷ ಇಪ್ಪತ್ತಾಯಿತು. ಅವನ ಸೊಂಟ ಹಿಡಿದುಕೊಳ್ಳತೊಡಗಿತು. ಕಣ್ಣಿಗೆ ಕಾಣುತ್ತಿದ್ದದ್ದು ಅವಳ ಎರಡು ಹಿಮ್ಮಡಿ ಮಾತ್ರ, ಎಡಗಡೆಯದರಲ್ಲಿ ಒಂದು ಸೀಳು. ಮುಖ ಕಾಣದ ಈ ಕತ್ತಲಲ್ಲಿ, ಯಾವ ಮುಖಭಾವವೂ ಉಪಯೋಗಕ್ಕೆ ಬಾರದ ಜಾಗದಲ್ಲಿ, ಈಗ ಹೇಳಿದರೆ ಬಂದರೂ ಬರಬಹುದು ಎನಿಸಿತು.

"ಅವತ್ತು ನಾನು ಹಾಗೆ ಮಾಡಬಾರದಿತ್ತು," ಎಂದ, ಅವಳ ಬೆನ್ನಿಗೆ.

ಸೀಳುಬಿಟ್ಟ ಹಿಮ್ಮಡಿ ನೆಲ ಬಿಟ್ಟೆದ್ದು ಮತ್ತೆ ಕೂತಿತು.

"ಕೇಳಿಸ್ತಾ?"

"ಈಗ? ಇಲ್ಲಿ?" ಎಂದಳು. ಪೇಪರಿನ ತಲೆಯೊಳಗಿಂದ ಬಂದ ದನಿ ಪಾತ್ರೆಯೊಳಗಿಂದ ಬಂದಂತಿತ್ತು. ಹನ್ನೊಂದು ದಿನಗಳ ಮೇಲಿನ ಮೊದಲ ಮಾತು.

"ತಮಾಷೆಗೆ ಅಂತ ಶುರು ಮಾಡ್ದೆ, ಎಲ್ಲಾರೂ ನಕ್ಕರು, ಹಾಗೇ..."

"ತಮಾಷೆ ಚೆನ್ನಾಗಿತ್ತು," ಎಂದಳು. "ತಪ್ಪೇ ಇರಲಿಲ್ಲ ಅದರಲ್ಲಿ. ಕೂದಲು ಸಿಕ್ಕಿಸ್ಕೊಂಡಿದ್ದು ನಂಗೇ ಗೊತ್ತಿರಲಿಲ್ಲ, ನಿಮ್ಮನ್ನ ನೋಡಿ ಗೊತ್ತಾಯ್ತು. ಬಾಗಿಲ ಹಿಂದೆ ಎಷ್ಟು ಹೊತ್ತು ನಿಂತಿದ್ರಿ?"

"ಒಂದು ನಿಮಿಷ ಇರಬಹುದು."

"ಸುಳ್ಳು. ಮೂರು ಸಲ ಹೇಳಿದ್ದನ್ನ ಮೂರು ಥರ ಮಾಡಿ ತೋರಿಸಿದ್ರಿ. ನಂಗೆ ಕೈ ನಡುಗ್ತಿತ್ತು ಅವತ್ತು. ಅದನ್ನೂ ಮಾಡಿದ್ರಿ. ಕೈ ನಡುಗ್ತಿರೋದು ಕಂಡಿತ್ತು ಅಂತಾಯ್ತಲ್ಲ? ಕಂಡೂ ಅಲ್ಲೇ ನಿಂತಿದ್ರಿ. ಒಳಗೆ ಬರಬೇಕು ಅಂತ ಅನ್ನಿಸ್ಲೇ ಇಲ್ಲ ನಿಂಗೆ."

ನಿಂಗೆ. ಹತ್ತು ವರ್ಷಗಳಲ್ಲಿ ಅವಳು ಅವನನ್ನು ಏಕವಚನದಲ್ಲಿ ಕರೆದದ್ದಿಲ್ಲ. ಜಾರಿ ಬಂದದ್ದೋ, ಎತ್ತಿ ಹೊಡೆದದ್ದೋ ತಿಳಿಯಲಿಲ್ಲ. ಅವನಿಗೆ ಬಚ್ಚಲಿನ ಬಾಗಿಲು ನೆನಪಾಯಿತು. ಆವಿ, ಒಂದು ಗೇಣು ಬೆಳಕು, ಅವಳ ನಡುಗುವ ಬೆರಳು. ಆ ಹೊತ್ತಿನಲ್ಲಿ ತನಗೆ ಏನನಿಸಿತ್ತು ಎಂದು ಹುಡುಕಿದ. ಅಯ್ಯೋ ಪಾಪ ಎನಿಸಿದ್ದರೆ ಈಗ ಹೇಳಬಹುದಿತ್ತು. ಅನಿಸಿದ್ದು ಖುಷಿ. ಒಳ್ಳೆಯ ಸರಕು ಸಿಕ್ಕಿದವನ ಖುಷಿ. ಸದ್ದಾದರೆ ನಿಲ್ಲಿಸಿಬಿಟ್ಟಾಳೆಂದು ಉಸಿರು ಹಿಡಿದು ನಿಂತಿದ್ದ. ಅದನ್ನು ಹೇಳಲು ಅವನ ಬಳಿ ಯಾರ ದನಿಯೂ ಇರಲಿಲ್ಲ.

"ಇಲ್ಲ," ಎಂದ. "ಅನ್ನಿಸ್ಲಿಲ್ಲ."

ಓಣಿಯಲ್ಲಿ ಟೊಮೇಟೊ ಅಳುತ್ತಿತ್ತು. ಅಷ್ಟರಲ್ಲಿ ಮೈಕು ಸರಿಹೋಯಿತು.

"ಮಹನೀಯರೇ, ಮಹಿಳೆಯರೇ!" ಎಂದು ಜೀರಿಗೆ ಕಿರುಚಿದ್ದು ಕೇಳಿಸಿತು. "ಪ್ರಪಂಚದಲ್ಲೇ ಲೆಕ್ಕ ಬರುವ ಒಂದೇ ಒಂದು ಕುದುರೆ!" ವೇದಿಕೆಯ ಮೂರು ಮೆಟ್ಟಿಲನ್ನು ಕುದುರೆ ಹತ್ತಿದ್ದು ಹೆಚ್ಚುಕಡಿಮೆ ಕುಡಿದವರ ಹಾಗೆ. ಎಲ್ಲಿಂದಲೋ, "ಹಸು, ಹಸು!" ಎಂದು ಒಂದು ಮಗು ಕೂಗಿತು. ಬೆಡ್‌ಶೀಟಿನ ಬಿಳಿ ತೇಪೆಗಳು ನೆನಪಾಗಿ ಅವನಿಗೆ ಮೈ ಬಿಸಿಯಾಯಿತು. ಮೂರು ಕೂಡಿಸು ಎರಡು ಎಂದಳು ಜೀರಿಗೆ. ಅವನು ಬಲಗಾಲನ್ನು ಐದು ಸಲ ಹಲಗೆಯ ಮೇಲೆ ಬಡಿದ. ಚಪ್ಪಾಳೆ. ಹತ್ತು ಕಳೆ ಆರು, ನಾಲ್ಕು. ಮತ್ತೆ ಚಪ್ಪಾಳೆ. ಏಳು ಕೂಡಿಸು ಐದು. ಹೇಳಿಕೊಟ್ಟಿದ್ದಂತೆ ಮುಂಗಾಲು ಯೋಚನೆ ಮಾಡುವ ಹಾಗೆ ತಲೆಯಾಡಿಸುತ್ತ ಎರಡು ಹೆಜ್ಜೆ ಮುಂದೆ ಹೋಗಬೇಕು, ಹಿಂಗಾಲು ಅದರ ಜೊತೆ ಬಡಿಯುತ್ತಲೇ ಸಾಗಬೇಕು. ಅವನು ಆರನೆಯ ಸಲ ಬಡಿಯುವಾಗ ಅಂಗೈಯಿಂದ ಅವಳ ಸೊಂಟ ಜಾರಿತು. ಟಪ್, ಟಪ್, ಟಪ್, ಟಪ್. ಒಂದೊಂದು ಬಟನ್ ಬಿಚ್ಚಿಕೊಂಡದ್ದೂ ಎಣಿಸುವಷ್ಟು ಸ್ಪಷ್ಟವಾಗಿ ಕೇಳಿಸಿತು. ಕುತ್ತಿಗೆಯ ಮೇಲೆ ತಣ್ಣನೆಯ ಗಾಳಿ ಬಂತು.

ನಗು ಹಿಂದಿನ ಸಾಲಿನಿಂದ ಶುರುವಾಗಿ ಮುಂದಕ್ಕೆ ಬಂತು. ಮುನ್ನೂರು ಜನರ ನಗು. ಬಟ್ಟೆ ಅವನ ತಲೆಯ ಮೇಲೆ ಜೋತುಬಿದ್ದು ಮೊಣಕಾಲಿನವರೆಗೆ ಇಳಿದಿತ್ತು. ಅವನು ಬಾಗಿದವನು ಬಾಗಿದಂತೆಯೇ, ಬಾಲ ಸಭೆಯ ಕಡೆಗೆ ಮಾಡಿಕೊಂಡು, ವೇದಿಕೆಯ ನಡುವೆ ಒಂಟಿಯಾಗಿ ಉಳಿದಿದ್ದ. ಏನು ಮಾಡಬೇಕೆಂದು ಅವನಿಗೆ ತಕ್ಷಣ ಗೊತ್ತಾಯಿತು, ಯಾವಾಗಲೂ ಗೊತ್ತಾಗುವಂತೆ. ಬಟ್ಟೆ ಕಿತ್ತೆಸೆಯಬೇಕು. ಬಾಲವನ್ನು ಕೈಯಲ್ಲಿ ಹಿಡಿದು ಬೀಸುತ್ತ ಒಂದು ಸುತ್ತು ಬರಬೇಕು. ಮುಂದಿನ ಅರ್ಧಕ್ಕೆ ಬಗ್ಗಿ ಕೈಮುಗಿದು, "ಮೇಡಂ, ನನ್ನ ಬಿಟ್ಟು ಎಲ್ಲಿಗೆ ಹೊರಟಿರಿ?" ಎನ್ನಬೇಕು. ಸಭೆ ಬಿದ್ದು ಬಿದ್ದು ನಗುತ್ತದೆ, ವರ್ಷಗಟ್ಟಲೆ ಹೇಳಿಕೊಂಡು ತಿರುಗುತ್ತದೆ. ಒಂದು ಕ್ಷಣ ಕಳೆಯಿತು, ಇನ್ನೊಂದು ಕ್ಷಣ ಕಳೆದರೆ ಹದ ತಪ್ಪುತ್ತದೆ. ಬಟ್ಟೆಯ ಅಂಚಿಗೆ ಕೈ ಹೋಗಿಯೂ ಆಗಿತ್ತು. ಅದರ ಕೆಳಗೆ ಜೀರಿಗೆಯ ಬೂಟುಗಳು ಕಂಡವು. ಬಲಗಾಲಿನ ಬೂಟಿನ ತುದಿ ಎಡಗಾಲಿನ ಹಿಮ್ಮಡಿಯನ್ನು ಮೆಲ್ಲಗೆ ಉಜ್ಜುತ್ತಿತ್ತು. ಅಳು ಬರುವ ಮುಂಚೆ ಅವಳು ಹಾಗೆ ಮಾಡುತ್ತಾಳೆ. ಅವನಿಗೆ ಚೆನ್ನಾಗಿ ಗೊತ್ತು. ಅದನ್ನೂ ಅವನು ಎಷ್ಟೋ ಸಲ ನೆಂಟರ ಮುಂದೆ ಮಾಡಿ ತೋರಿಸಿದ್ದ.

ಕೈ ಹಿಂದಕ್ಕೆ ತೆಗೆದುಕೊಂಡ. ಏಳು, ಎಂದು ಕಾಲು ಬಡಿದ. ಎಂಟು. ತಲೆಯೇ ಇಲ್ಲದ ಹಿಂಭಾಗವೊಂದು ತನ್ನಷ್ಟಕ್ಕೆ ಲೆಕ್ಕ ಮುಂದುವರಿಸಿದ್ದನ್ನು ಕಂಡು ಸಭೆ ಚೀರಿತು. ಅವನ ಬದುಕಿನಲ್ಲೇ ಅಷ್ಟು ದೊಡ್ಡ ನಗು ಅವನಿಗೆ ಸಿಕ್ಕಿರಲಿಲ್ಲ, ಅದರಲ್ಲಿ ಒಂದು ಚೂರೂ ಅವನು ಬೇಡಿದ್ದಾಗಿರಲಿಲ್ಲ. ಒಂಬತ್ತು. ಬೆವರು ಕಣ್ಣಿಗಿಳಿಯಿತು. ಎರಡೂ ಕೈ ಮುಂದೆ ಚಾಚಿ ಕುರುಡನಂತೆ ಗಾಳಿ ತಡವಿದ.

"ಬಲಕ್ಕೆ," ಎಂದಿತು ಪಾತ್ರೆಯೊಳಗಿನ ದನಿ. ಅವಳು ಹಿಮ್ಮುಖವಾಗಿ ನಡೆದು ಬರುತ್ತಿದ್ದಳು. "ಇನ್ನೂ ಬಲಕ್ಕೆ. ಅಷ್ಟಲ್ಲ. ಹೂಂ, ಬಾ."

ಸೊಂಟ ಸಿಕ್ಕಿತು. ಎರಡು ಅಂಗೈಯಿಂದಲೂ ಬಿಗಿಯಾಗಿ ಹಿಡಿದುಕೊಂಡ. ಅವಳು ಒಂದು ಕೈಯನ್ನು ಹಿಂದಕ್ಕೆ ತಂದು, ಬಟ್ಟೆಯ ಅಂಚುಗಳನ್ನು ಎಳೆದು ಸೇರಿಸಿ, ಬಿಟ್ಟುಹೋಗದಂತೆ ಅವನ ಮಣಿಕಟ್ಟನ್ನೂ ಕೂಡಿಸಿ ಹಿಡಿದಳು. ಹೆಬ್ಬೆರಳು ಅಭ್ಯಾಸಬಲದಿಂದ ನರದ ಮೇಲೆ ಹೋಗಿ ಕೂತಿತು.

"ಎಷ್ಟಾಯ್ತು?"

"ಒಂಬತ್ತು."

"ಇನ್ನು ಮೂರು."

ಬಡಿದ. ಹನ್ನೆರಡಕ್ಕೆ ಕಾಲು ನಿಂತಾಗ ಸಭೆಯೂ ಸುಮ್ಮನಾಗಿತ್ತು. "ಹನ್ನೆರಡು!" ಎಂದು ಜೀರಿಗೆ ಕೂಗಿದಳು, ದನಿ ಒಡೆದಿತ್ತು, ಆದರೆ ಯಜಮಾನಿಕೆ ಬಿಟ್ಟಿರಲಿಲ್ಲ. "ಸರಿ ಉತ್ತರ! ಎರಡು ಭಾಗ ಮಾಡಿದ್ರೂ ಲೆಕ್ಕ ತಪ್ಪದ ಕುದುರೆ!"

ಬಟ್ಟೆ ಬದಲಾಯಿಸಲು ಕೊಟ್ಟಿದ್ದ ಖಾಲಿ ತರಗತಿಯಲ್ಲಿ ಕುದುರೆಯ ತಲೆ ಬರಲೊಲ್ಲೆ ಎಂದಿತು. ಅವಳು ಪುಟ್ಟ ಬೆಂಚಿನ ಮೇಲೆ ಕೂತು ತಲೆ ಬಗ್ಗಿಸಿದಳು. ಅವನು ಎರಡೂ ಕಿವಿ ಹಿಡಿದು ಎಳೆದ. ಒಂದು ಕಿವಿ ಕೈಗೆ ಬಂತು. "ಕೂದಲು, ಕೂದಲು!" ಎಂದಳು ಒಳಗಿಂದ. ಮೆಲ್ಲಗೆ ಅತ್ತಿತ್ತ ಅಲ್ಲಾಡಿಸಿ, ಗೋಂದಿಗೆ ಅಂಟಿದ ಎಳೆಗಳನ್ನು ಬೆರಳಿನಿಂದ ಒಂದೊಂದಾಗಿ ಬಿಡಿಸಿ, ಕೊನೆಗೆ ತಲೆ ಕಳಚಿದ. ಕೆಂಪಗೆ ಬೆಂದುಹೋದ ಮುಖ, ಹಣೆಗೆ ಅಂಟಿದ ಕೂದಲು, ಮೂಗಿನ ಮೇಲೆ ಪೇಪರಿನ ಒಂದು ಚೂರು. ಕೆನ್ನೆ ಪೂರ್ತಿ ಒದ್ದೆ. ನಕ್ಕಿದ್ದಳೋ, ಅತ್ತಿದ್ದಳೋ, ಬರೇ ಬೆವರೋ, ಅವನಿಗೆ ಹೇಳಲಾಗಲಿಲ್ಲ. ಜನರ ಒಸಡು ನೋಡಿ ಜಾತಕ ಹೇಳುತ್ತಿದ್ದವನಿಗೆ ಹತ್ತು ವರ್ಷದ ಹೆಂಡತಿಯ ಕೆನ್ನೆಯ ಮೇಲಿನ ನೀರು ಯಾವುದೆಂದು ತಿಳಿಯಲಿಲ್ಲ.

"ಏನು ನೋಡ್ತಿದೀಯಾ?"

"ಏನಿಲ್ಲ."

"ನೋಡು, ಪರವಾಗಿಲ್ಲ." ಅವಳು ಮೈಮೇಲಿನ ಪರದೆಯ ಅಂಚಿನಿಂದ ಮುಖವನ್ನು ಗಸಗಸ ಒರೆಸಿಕೊಂಡಳು. "ಮಾಡಿ ತೋರಿಸ್ಬೇಡ, ಅಷ್ಟೇ."

ಹೂಂ ಎನ್ನಬೇಕೆಂದುಕೊಳ್ಳುವಷ್ಟರಲ್ಲಿ ಜೀರಿಗೆ ಬಾಗಿಲು ಒದ್ದುಕೊಂಡು ಒಳಗೆ ಬಂದಳು. ಮೀಸೆ ಒಂದು ಕಡೆ ಅಳಿಸಿ ಕಿವಿಯವರೆಗೆ ಹೋಗಿತ್ತು. ಕೈಯಲ್ಲಿದ್ದ ದಪ್ಪ ಕಾಗದವನ್ನು ಬೆಂಚಿನ ಮೇಲೆ ಬಡಿದಳು. ಸಾಕುಪ್ರಾಣಿ ವಿಭಾಗ, ಸಮಾಧಾನಕರ ಬಹುಮಾನ. ಕೆಳಗೆ ದುಂಡನೆಯ ಅಕ್ಷರದಲ್ಲಿ: ಹಸು.

ಮೂವರೂ ಅದನ್ನು ಓದಿದರು. ಮೊದಲು ಎದ್ದವಳು ಅವಳು. ಕೆದರಿದ ಕೂದಲಿನಲ್ಲೇ, ಕುತ್ತಿಗೆಯವರೆಗೆ ಕುದುರೆಯ ಮುಂಭಾಗವನ್ನು ತೊಟ್ಟುಕೊಂಡೇ, ಕಾಗದ ಹಿಡಿದು ಹೊರಟಳು. ಹಿಂದೆ ಜೀರಿಗೆ, ಅದರ ಹಿಂದೆ ಬಾಲ ನೆಲಕ್ಕೆ ಎಳೆಯುತ್ತ ಅವನು. ಸಭಾಂಗಣದ ಮೂಲೆಯಲ್ಲಿ ಮೇಜು ಹಾಕಿಕೊಂಡು ಹೆಡ್‌ಮಿಸ್ ಉಳಿದ ಕಾಗದಗಳಿಗೆ ಸಹಿ ಹಾಕುತ್ತಿದ್ದರು. ಸುತ್ತಲೂ ತಂದೆತಾಯಿಯರು ಚಹಾ ಕುಡಿಯುತ್ತ ನಿಂತಿದ್ದರು. ಈ ಮೆರವಣಿಗೆ ಕಂಡು ಲೋಟ ಕೆಳಗಿಳಿಸಿದರು.

"ಇದರಲ್ಲಿ ತಪ್ಪಾಗಿದೆ ಮೇಡಂ," ಎಂದಳು ಅವನ ಹೆಂಡತಿ.

ಹೆಡ್‌ಮಿಸ್ ಕಾಗದ ನೋಡಿದರು, ಅವಳ ಮೈಮೇಲಿನ ಬಟ್ಟೆ ನೋಡಿದರು. "ಯಾಕಮ್ಮಾ, ಹಸು ಅಲ್ವಾ? ತೀರ್ಪು ಕೊಟ್ಟ ಮೂವರೂ ಹಸು ಅಂತಾನೇ ಬರೆದಿದಾರಲ್ಲ."

"ಕೊಂಬಿಲ್ಲ ಮೇಡಂ. 'ಕುದುರೆ' ಅಂತ ಮಗು ಮೈಕಲ್ಲೇ ಹೇಳಿದಾಳೆ, ಒಂದಲ್ಲ ಎರಡು ಸಲ. ಅಂಬಾ ಅಂತ ನಾವು ಎಲ್ಲೂ ಅಂದಿಲ್ಲ."

"ಮಚ್ಚೆ ಇದೆಯಲ್ಲಮ್ಮಾ."

"ಮಚ್ಚೆ ಇರೋ ಕುದುರೆನೂ ಇರುತ್ತೆ ಮೇಡಂ. ಬೇಕಾದ್ರೆ ನಿಮ್ಮ ಲೈಬ್ರರಿಯಿಂದ ಪುಸ್ತಕ ತರಿಸಿ, ನಾನು ಕಾಯ್ತೀನಿ. ನಂಗೇನೂ ಅವಸರ ಇಲ್ಲ." ದನಿ ಏರಿರಲಿಲ್ಲ. ಕೈ ಮೇಜಿನ ಅಂಚಿನ ಮೇಲೆ ಹಾಗೇ ಇತ್ತು. ಕೂದಲು ಕಣ್ಣ ಮೇಲೆ ಬಿದ್ದದ್ದನ್ನು ಅವಳು ಸರಿಸಲೂ ಇಲ್ಲ. ಸೂಜಿ ಚುಚ್ಚುವ ಮೊದಲು ಮುದುಕರಿಗೆ ಹೇಳುವ ದನಿ ಇದೇ ಇರಬೇಕು ಎಂದುಕೊಂಡ. ಅವನು ಅದನ್ನು ಎಂದೂ ಕೇಳಿರಲಿಲ್ಲ. ಒಂದು ಹೆಜ್ಜೆ ಹಿಂದೆ ನಿಂತು, ಆ ದನಿಯ ಇಳುಕಲನ್ನು ತನ್ನ ಗಂಟಲು ಆಗಲೇ ಹಿಡಿದು ನೋಡುತ್ತಿರುವುದು ಗೊತ್ತಾಗಿ, ಎಂಜಲು ನುಂಗಿಕೊಂಡ.

ಹೆಡ್‌ಮಿಸ್ ಗಂಡಸರ ನೆರವು ಕೇಳುವವರಂತೆ ಅವನ ಕಡೆ ತಿರುಗಿದರು. "ನೀವಾದ್ರೂ ಹೇಳಿ ಸರ್, ನಗಬೇಡಿ. ನಿಜವಾಗ್ಲೂ ಏನದು?"

ಅವನು ನಗುತ್ತಿರಲಿಲ್ಲ. ಬಾಲವನ್ನು ಎತ್ತಿ ಹಿಡಿದುಕೊಂಡು ಆ ಒಂದು ಹೆಜ್ಜೆ ಮುಂದೆ ಬಂದು, ಹೆಂಡತಿಯ ಪಕ್ಕಕ್ಕೆ ನಿಂತ. ಸುತ್ತ ಲೋಟ ಹಿಡಿದವರೆಲ್ಲ ಅವನ ಬಾಯಿಯನ್ನೇ ನೋಡುತ್ತಿದ್ದರು.

"ನಾನು ಒಳಗಿದ್ದೆ ಮೇಡಂ," ಎಂದ. "ಕುದುರೆಯೇ."

ಹೆಡ್‌ಮಿಸ್ ಪೆನ್ನಿನ ಮುಚ್ಚಳ ತೆಗೆದರು.